ತೊಂಬತ್ತರ ತೊಡೆಗೂ ಸಾಮು ಬೇಕು

ಗರಡಿಯ ಸಾಮುಗಳಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಬಸ್ಕಿಯನ್ನು ಉಳಿಸಿಕೊಳ್ಳುತ್ತೇನೆ. ಗದೆ ತಿರುಗಿಸುವುದರಲ್ಲಿ ಸೊಬಗಿದೆ, ದಂಡ ಹೊಡೆದರೆ ಎದೆ ಅರಳುತ್ತದೆ. ಆದರೆ ಮುಪ್ಪು ಹೆಚ್ಚಾಗಿ ಸವೆಸುವುದು ಕಾಲಿನ ಸ್ನಾಯುಗಳನ್ನು.

ಅರವತ್ತು ದಾಟಿದವರಿಗೆ ‘ಇನ್ನು ವಾಕಿಂಗ್ ಸಾಕು’ ಎನ್ನುವ ರೂಢಿ ನನಗೆ ಒಪ್ಪಿಗೆಯಿಲ್ಲ. ನಡಿಗೆ ಹೃದಯಕ್ಕೆ ಒಳ್ಳೆಯದು, ನಿಜ. ಸ್ನಾಯುವಿನಲ್ಲಿ ದಣಿಯದೆ ನಿಧಾನವಾಗಿ ದುಡಿಯುವ ಎಳೆಗಳೂ ಇವೆ, ಥಟ್ಟನೆ ಬಿಗಿದು ಬಲ ಕೊಡುವ ಎಳೆಗಳೂ ಇವೆ. ವಯಸ್ಸಾದಂತೆ ಹೆಚ್ಚು ತೆಳುವಾಗುವುದು ಎರಡನೆಯವೇ. ಬೆನ್ನುಹುರಿಯಿಂದ ಅವುಗಳಿಗೆ ಸಂದೇಶ ಕಳಿಸುವ ನರಕೋಶಗಳೂ ಕಡಿಮೆಯಾಗುತ್ತವೆ. ಬಚ್ಚಲಲ್ಲಿ ಕಾಲು ಜಾರಿದಾಗ ಮೈಯನ್ನು ಹಿಡಿದು ನಿಲ್ಲಿಸಬೇಕಾದವು ಈ ಚುರುಕಿನ ಎಳೆಗಳೇ. ಆರಾಮದ ನಡಿಗೆ ಇವನ್ನು ಕೆಲಸಕ್ಕೆ ಹಚ್ಚುವುದೇ ಕಡಿಮೆ. ಭಾರ ಬೀಳಬೇಕು.

ಬಾಸ್ಟನ್ನಿನ ವೈದ್ಯೆ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಪ್ರತಿ ಗರಡಿಯಲ್ಲೂ ಓದಿ ಹೇಳಬೇಕು. ವೃದ್ಧರ ಆರೈಕೆ ಕೇಂದ್ರದ ಹತ್ತು ಮಂದಿ, ವಯಸ್ಸು 86ರಿಂದ 96. ಎಂಟು ವಾರ ಅವರಿಂದ ಕಾಲಿನಲ್ಲಿ ಭಾರ ಎತ್ತಿಸಿದರು. ಹಗುರ ಭಾರವಲ್ಲ, ಒಮ್ಮೆಗೆ ಎತ್ತಬಲ್ಲ ಗರಿಷ್ಠದ ಶೇ 80ರವರೆಗೆ. ಕೊನೆಯವರೆಗೂ ನಿಂತ ಒಂಬತ್ತು ಮಂದಿಯ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ತೊಡೆಯ ಸ್ನಾಯು ಬೆಳೆದದ್ದು ಶೇ 9 ಮಾತ್ರ. ಈ ಎರಡು ಅಂಕಿಗಳ ಅಂತರ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಮೊದಲ ವಾರಗಳ ಬಲ ಬರುವುದು ಮುಖ್ಯವಾಗಿ ಮಾಂಸ ಬೆಳೆದಲ್ಲ, ಸುಮ್ಮನಿದ್ದ ಎಳೆಗಳನ್ನು ಒಟ್ಟಿಗೆ ಎಬ್ಬಿಸಲು ನರಗಳು ಕಲಿತು. ಮೈ ತುಂಬಲಿಲ್ಲವೆಂದು ಹದಿನೈದೇ ದಿನಕ್ಕೆ ಬಿಟ್ಟುಬಿಡುವವರು ಇದನ್ನು ದಯವಿಟ್ಟು ನೆನಪಿಡಿ.

ಸಕ್ಕರೆ ಕಾಯಿಲೆಯವರಿಗೂ ಸಾಮಿನಲ್ಲಿ ಭರವಸೆಯಿದೆ. ಇನ್ಸುಲಿನ್ ಹೇಳಿದಾಗ ರಕ್ತದ ಗ್ಲೂಕೋಸನ್ನು ಬಹುಪಾಲು ಒಳಗೆಳೆದುಕೊಳ್ಳುವುದು ಸ್ನಾಯು. ಟೈಪ್ 2 ಮಧುಮೇಹದಲ್ಲಿ ಅದು ಆ ಮಾತಿಗೆ ಸರಿಯಾಗಿ ಓಗೊಡುವುದಿಲ್ಲ. ಆದರೆ ಸ್ನಾಯು ದುಡಿಯುವಾಗ ಗ್ಲೂಕೋಸ್ ಸಾಗಿಸುವ ಗ್ಲೂಟ್-4 ಎಂಬ ಪ್ರೋಟೀನು ಇನ್ಸುಲಿನ್ನಿನ ಹಂಗಿಲ್ಲದೆಯೇ ಕೋಶದ ಹೊರಪೊರೆಗೆ ಬರುತ್ತದೆ. ರೋಗ ಬಂದ ಮೇಲೂ ಆ ದಾರಿ ಬಹುಮಟ್ಟಿಗೆ ತೆರೆದೇ ಇರುತ್ತದೆ.

ಮಂಡಿ ನೋಯುವವರು ಬಸ್ಕಿಯಲ್ಲಿ ಪೂರ್ತಿ ಕೂರಬೇಕಿಲ್ಲ. ಗಟ್ಟಿ ಕುರ್ಚಿಯ ಮೇಲೆ ನಿಧಾನವಾಗಿ ಕೂತು, ಕೈ ಊರದೆ ಚುರುಕಾಗಿ ಏಳಿ. ಉಸಿರು ಬಿಗಿಹಿಡಿಯಬೇಡಿ. ಹೃದಯದ ತೊಂದರೆ, ಬಿ.ಪಿ. ಇದ್ದವರು ವೈದ್ಯರನ್ನು ಕೇಳಿಯೇ ಶುರು ಮಾಡಿ. ಕುರ್ಚಿಯಿಂದ ಏಳುವುದು ಸಲೀಸಾದ ದಿನದಿಂದ ಎರಡೂ ಕೈಯಲ್ಲಿ ಒಂದೊಂದು ಲೀಟರಿನ ನೀರಿನ ಬಾಟಲಿ ಹಿಡಿದುಕೊಳ್ಳಿ.