ಕೆಂಚನ ಬಾಗಿಲು

ಕೆಂಚ ನಮ್ಮ ಮನೆಗೆ ಬಂದದ್ದೇ ಬಾಗಿಲು ಹಾಕಿಕೊಂಡು. ರಟ್ಟಿನ ಡಬ್ಬಿಯಿಂದ ಎತ್ತಿ ಅಂಗೈ ಮೇಲೆ ಇಟ್ಟುಕೊಂಡೆ. ತಲೆ ಇಲ್ಲ, ಕಾಲಿಲ್ಲ, ಬಾಲವೂ ಇಲ್ಲ. ಕೊಬ್ಬರಿ ಗಿಟುಕನ್ನು ಕವುಚಿಟ್ಟಂಥ ಒಂದು ಗುಮ್ಮಟ, ಸುಮಾರು ಅರ್ಧ ಕಿಲೋ ಭಾರ. ಮೇಲಿನ ಚಿಪ್ಪಿಗೂ ಕೆಳಗಿನ ಚಿಪ್ಪಿಗೂ ನಡುವೆ ಹುಲ್ಲುಕಡ್ಡಿ ತೂರುವಷ್ಟೂ ಸಂದಿಲ್ಲ.

ಇಂಗ್ಲಿಷಿನಲ್ಲಿ ಇದಕ್ಕೆ ಬಾಕ್ಸ್ ಟರ್ಟಲ್ ಎನ್ನುತ್ತಾರೆ. ನಾನು ಪೆಟ್ಟಿಗೆ ಆಮೆ ಎನ್ನುತ್ತೇನೆ. ನಾವಿರುವುದು ಅಮೆರಿಕದ ಉತ್ತರ ಕ್ಯಾರೊಲೈನಾದ ರಾಲಿಯಲ್ಲಿ. ಇಲ್ಲಿನ ಕಾಡು ಇದರ ತವರು. 1758ರಲ್ಲಿ ಲಿನೇಯಸ್ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟಾಗ ಕ್ಯಾರೊಲೈನಾದ ಹೆಸರೇ ಅದರಲ್ಲಿ ಸೇರಿಕೊಂಡಿತು. 1979ರಿಂದ ಇದು ಈ ರಾಜ್ಯದ ಅಧಿಕೃತ ಸರೀಸೃಪ. ನಮ್ಮ ಕೆಂಚ ಮಾತ್ರ ಕಾಡು ಕಂಡು ಎಷ್ಟೋ ವರ್ಷವಾಗಿತ್ತು. ಯಾರದೋ ಮನೆಯಲ್ಲಿ ಇಪ್ಪತ್ತು ವರ್ಷ ಬೆಳೆದು, ಆ ಮನೆಯವರಿಗೆ ವಯಸ್ಸಾದ ಮೇಲೆ ಆಮೆಗಳ ಆರೈಕೆ ಮಾಡುವ ಬಳಗದ ಕೈಸೇರಿದ್ದ. ಎಳೆಯದರಲ್ಲಿ ಯಾವ ಕಾಡಿನಿಂದ ಎತ್ತಿ ತಂದರೋ ಯಾರಿಗೂ ನೆನಪಿಲ್ಲ. ಹಾಗಾಗಿ ವಾಪಸ್ ಬಿಡುವ ಹಾಗೂ ಇರಲಿಲ್ಲ.

ಆ ಮುಚ್ಚಿದ ಚಿಪ್ಪನ್ನೇ ಮೊದಲ ರಾತ್ರಿ ನಾನೂ ಮಗಳೂ ಬಹಳ ಹೊತ್ತು ನೋಡಿದೆವು. ಕಡುಗಂದು ನೆಲದ ಮೇಲೆ ಅರಿಸಿನ ಬಣ್ಣದ ಗೆರೆಗಳು. ಒಂದೊಂದು ಬಿಲ್ಲೆಯಲ್ಲೂ ಒಂದು ಬಿಂದುವಿನಿಂದ ಹೊರಟು ಸುತ್ತ ಚದುರಿದ್ದವು. ಕೆಲವು ಕಡೆ ಗೆರೆ ಒಡೆದು ಚುಕ್ಕಿಯಾಗಿದೆ, ಕೆಲವು ಕಡೆ ಎರಡು ಗೆರೆ ಸೇರಿ ಕೊಕ್ಕೆಯಾಗಿದೆ. ರಂಗೋಲಿ ಹಾಕುವವರ ಕೈ ಅರ್ಧಕ್ಕೆ ನಿಂತು, ಮತ್ತೆ ಬೇರೆ ಯೋಚನೆಯಲ್ಲಿ ಮುಂದುವರಿದ ಹಾಗೆ. ಎರಡು ಪೆಟ್ಟಿಗೆ ಆಮೆಗಳ ಚಿತ್ತಾರ ಒಂದೇ ಥರ ಇರುವುದಿಲ್ಲವಾದ್ದರಿಂದ ಬೆನ್ನಿನ ಫೋಟೊ ತೆಗೆದಿಟ್ಟುಕೊಂಡು ಸಂಶೋಧಕರು ಇವನ್ನು ಗುರುತು ಹಿಡಿಯುವುದುಂಟು. ಬಿಸಿಲು ಚುಕ್ಕಿ ಚುಕ್ಕಿಯಾಗಿ ಬಿದ್ದ ಒಣಗಿದೆಲೆಯ ನೆಲದ ಮೇಲೆ ಇಟ್ಟರೆ, ಮೈಮೇಲಿನ ಇಷ್ಟೆಲ್ಲ ಬಣ್ಣವೂ ನೆಲದಲ್ಲಿ ಕರಗಿಹೋಗುತ್ತದೆ.

ಚಿಪ್ಪಿನ ಅಡಿಭಾಗದಲ್ಲಿ ಅಡ್ಡಕ್ಕೆ ಒಂದು ಕೀಲಿದೆ. ಬಡಗಿ ಹಾಕುವ ಬಿಜಾಗರಿಯ ಹಾಗೆ. ಆ ಕೀಲಿನ ಮೇಲೆ ಎದೆಯ ಭಾಗವೂ ಹೊಟ್ಟೆಯ ಭಾಗವೂ ಬೇರೆ ಬೇರೆಯಾಗಿ ಮೇಲೆದ್ದು ಮುಚ್ಚಿಕೊಳ್ಳುತ್ತವೆ. ತಿಪಟೂರಿನ ಕಡೆಯ ನಮ್ಮೂರ ಕೆರೆಯಲ್ಲಿ ಕಂಡ ಆಮೆಗೆ ಹಿಂಗಾಲು ಮರೆಮಾಡಲು ಎರಡು ಮಡಿಕೆ ಇರುತ್ತಿತ್ತು, ಅಷ್ಟೇ. ಇಂದ್ರಿಯಗಳನ್ನು ಒಳಗೆಳೆದುಕೊಂಡವನಿಗೆ ಭಗವದ್ಗೀತೆಯ ಎರಡನೇ ಅಧ್ಯಾಯ ಆಮೆಯ ಹೋಲಿಕೆ ಕೊಡುತ್ತದೆ. ಅಜ್ಜ ಅದನ್ನು ಹೇಳುವಾಗಲೆಲ್ಲ ನನ್ನ ಕಣ್ಮುಂದೆ ಬರುತ್ತಿದ್ದದ್ದು ಆ ಕೆರೆಯ ಆಮೆಯೇ. ಕೆಂಚನನ್ನು ಕಂಡ ಮೇಲೆ ಆ ಹೋಲಿಕೆ ನನಗೆ ಇನ್ನಷ್ಟು ಚಂದವಾಗಿ ಅರ್ಥವಾಯಿತು.

ಅವನ ಹಾಸಿಗೆಗೆ ತೆಂಗಿನ ನಾರಿನ ಪುಡಿ ಒಳ್ಳೆಯದು ಎಂದು ಬಳಗದವರು ಹೇಳಿದ್ದರು. ಅಂಗಡಿಯಿಂದ ಇಟ್ಟಿಗೆಯಂತೆ ಒತ್ತಿದ ಕೊಕೊಪೀಟ್ ತಂದು ನೋಡಿದರೆ, ಅದರ ಮೇಲೆ ಭಾರತದಲ್ಲಿ ತಯಾರಾದದ್ದು ಎಂದು ಅಚ್ಚಾಗಿದೆ. ಬಕೆಟ್ಟಿಗೆ ಹಾಕಿ ಬಿಸಿನೀರು ಸುರಿದೆ. ಇಟ್ಟಿಗೆ ಉಬ್ಬಿ, ಬಿರಿದು, ಪುಡಿಪುಡಿಯಾಗಿ ಬಕೆಟ್ ತುಂಬ ಅರಳಿತು. ಅದರ ಹಿಂದೆಯೇ ಆ ವಾಸನೆ, ಮಳೆಗಾಲದಲ್ಲಿ ತೆಂಗಿನ ಸಿಪ್ಪೆ ನೆನೆಹಾಕಿದ ಹಿತ್ತಿಲ ವಾಸನೆ. ಹಾಗೇ ಬಕೆಟ್ಟಿನ ಪಕ್ಕ ಕೂತುಬಿಟ್ಟೆ. ತೆಂಗಿನ ನಾಡಿನವಳ ಮನೆಯಲ್ಲಿ ಕ್ಯಾರೊಲೈನಾದ ಆಮೆಗೆ ತೆಂಗಿನ ಹಾಸಿಗೆಯೇ ಬಿತ್ತು.

ಆ ಪುಡಿಯನ್ನು ಮೂರ್ನಾಲ್ಕು ಇಂಚು ದಪ್ಪಕ್ಕೆ ಹರಡಿ, ಮೇಲೆ ಒಣಗಿದೆಲೆ ಹಾಸಿ, ಒಂದು ಮೂಲೆಯಲ್ಲಿ ಸೀಳಿದ ಮರದ ಕೊರಡು ಕವುಚಿದೆವು. ಮೊದಲು ಗಾಜಿನ ತೊಟ್ಟಿಯಲ್ಲಿ ಇಟ್ಟಿದ್ದೆವು. ಅದು ತಪ್ಪು. ಆಮೆಗೆ ಗಾಜು ಎಂಬ ಗೋಡೆ ಅರ್ಥವಾಗುವುದಿಲ್ಲ. ಆಚೆ ಕಾಣುವುದಕ್ಕೆಲ್ಲ ಹೋಗಲು ಉಗುರಿನಿಂದ ಕೆರೆಯುತ್ತಲೇ ಇರುತ್ತದೆ. ಅದು ಗೊತ್ತಾಗಿ ಎರಡನೇ ದಿನವೇ ಹಲಗೆಯ ಅಗಲವಾದ ಪೆಟ್ಟಿಗೆಗೆ ಬದಲಾಯಿಸಿದೆವು.

ದೀಪದ ವಿಷಯದಲ್ಲಿ ಮಾತ್ರ ಸಡಿಲ ಬಿಡಬಾರದು. ಒಂದು ತುದಿಯಲ್ಲಿ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಲಿನ ಜಾಗ ಇರಬೇಕು, ಇನ್ನೊಂದು ತುದಿ 22-23ರ ತಂಪಿನಲ್ಲಿರಬೇಕು. ಎಲ್ಲಿ ಬೇಕೋ ಅಲ್ಲಿ ಅದೇ ಹೋಗಿ ಕೂರುತ್ತದೆ. ಯುವಿಬಿ ಕಿರಣದ ದೀಪ ಬೇರೆ ಬೇಕು. ಅದಿಲ್ಲದೆ ಮೈ ಡಿ ಜೀವಸತ್ವ ಮಾಡಿಕೊಳ್ಳಲಾರದು, ಸುಣ್ಣದಂಶ ಸಿಕ್ಕರೂ ಚಿಪ್ಪು ಮೆತ್ತಗಾಗುತ್ತದೆ. ಕಿಟಕಿಯ ಗಾಜಿನಿಂದ ಬರುವ ಬಿಸಿಲು ಸಾಲದು, ಗಾಜು ಆ ಕಿರಣವನ್ನು ತಡೆದುಬಿಡುತ್ತದೆ.

ಇಷ್ಟಾದರೂ ಕೆಂಚ ಆರು ದಿನ ಕೊರಡಿನ ಕೆಳಗೇ ಇದ್ದ. ಊಟ ಇಲ್ಲ. ಹೊಸ ಜಾಗಕ್ಕೆ ಬಂದ ಆಮೆಯನ್ನು ಮೊದಲ ಒಂದೆರಡು ವಾರ ಎತ್ತಿ ಆಡಿಸಬೇಡಿ, ನೀರಿಡಿ, ಊಟವಿಡಿ, ಸುಮ್ಮನಿರಿ ಎಂದು ಬಳಗದವರು ಹೇಳಿದ್ದರು. ಸುಮ್ಮನಿರುವುದು ಎಷ್ಟು ಕಷ್ಟ ಎಂಬುದು ಎಂಟು ವರ್ಷದ ಮಗಳನ್ನು ನೋಡಿದರೆ ಗೊತ್ತಾಗುತ್ತಿತ್ತು. ಶಾಲೆಯಿಂದ ಬಂದವಳೇ ನೆಲದ ಮೇಲೆ ಗದ್ದ ಊರಿ ಕಾಯುತ್ತಿದ್ದಳು.

ಏಳನೇ ಬೆಳಿಗ್ಗೆ, ಅಂಗಳಕ್ಕೆ ಚಿಮುಕಿಸುವ ಹಾಗೆ ಪೆಟ್ಟಿಗೆಗೆಲ್ಲ ನೀರು ಸಿಂಪಡಿಸಿದೆ. ಕಾಡಿನಲ್ಲಿ ಇವು ಮಳೆ ನಿಂತ ಮೇಲೆ ಹೊರಡುವ ಜೀವಗಳು. ಎಲೆ ಒದ್ದೆಯಾಯಿತು, ನಾರಿನ ವಾಸನೆ ಎದ್ದಿತು. ಸ್ವಲ್ಪ ಹೊತ್ತಿಗೆ ಕೊರಡಿನ ಕೆಳಗೆ ಚಿಪ್ಪಿನ ಮುಂಬಾಗಿಲು ಕೂದಲೆಳೆಯಷ್ಟು ತೆರೆಯಿತು. ಮತ್ತೆ ನಿಂತಿತು. ಮತ್ತೆ ಒಂದೆಳೆ. ಒಳಗಿನ ಕತ್ತಲಲ್ಲಿ ಮೊದಲು ಕಂಡದ್ದು ಕೊಕ್ಕಿನ ತುದಿ, ಆಮೇಲೆ ಮೂಗಿನ ಎರಡು ಸೂಜಿತೂತು, ಆಮೇಲೆ ಕಣ್ಣು. ಮಾಗಿದ ಮೆಣಸಿನಕಾಯಿಯ ಕೆಂಪು. ಗಂಡು ಪೆಟ್ಟಿಗೆ ಆಮೆಗಳಿಗೆ ಸಾಮಾನ್ಯವಾಗಿ ಈ ಕೆಂಪು ಕಣ್ಣು, ಹೆಣ್ಣಿಗೆ ಹೆಚ್ಚಾಗಿ ಕಂದು. "ಅಮ್ಮಾ, ಕೆಂಚ!" ಎಂದು ಮಗಳು ಪಿಸುಗುಟ್ಟಿದಳು. ಹೆಸರು ಬಿದ್ದದ್ದು ಹಾಗೆ.

ಎದುರಿಗೆ ಎರೆಹುಳು ಇಟ್ಟಿದ್ದೆ. ಕುತ್ತಿಗೆ ನಿಧಾನಕ್ಕೆ ಉದ್ದವಾಯಿತು. ನೆರಿಗೆ ಬಿಚ್ಚಿದ ಹಾಗೆ ಚರ್ಮದ ಮಡಿಕೆಗಳೆಲ್ಲ ಬಿಡಿಸಿಕೊಂಡವು. ತಲೆ ವಾಲಿಸಿ ಒಂದು ಕಣ್ಣಿನಿಂದ ನೋಡಿದ, ಇನ್ನೊಂದು ಕಡೆ ವಾಲಿಸಿ ಇನ್ನೊಂದರಿಂದ ನೋಡಿದ. ಅಮ್ಮ ಸಂತೆಯಲ್ಲಿ ಹಾಗಲಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ ಹಾಗೆ. ಆಮೇಲೆ ಒಂದೇ ಏಟಿಗೆ ಹಿಡಿದ. ಹಲ್ಲಿಲ್ಲ; ಕೊಕ್ಕಿನಿಂದ ಕಚ್ಚಿ, ಮುಂಗಾಲಿನ ಉಗುರಿನಿಂದ ಒತ್ತಿ ಎಳೆದು ತುಂಡು ಮಾಡುತ್ತಾನೆ. ತಿಂದಾದ ಮೇಲೆ ಮುಂಗಾಲಿನಿಂದ ಬಾಯಿ ಒರೆಸಿಕೊಂಡ.

ಈಗ ಅವನ ಊಟದ ತಟ್ಟೆ ನಮ್ಮದಕ್ಕಿಂತ ವೈವಿಧ್ಯದ್ದು. ಎರೆಹುಳು, ಬಸವನಹುಳು, ಅಣಬೆ, ಬೇಯಿಸಿದ ಗೆಣಸು, ಸಿಹಿಗುಂಬಳ, ದಂಟುಸೊಪ್ಪಿನ ಬದಲು ಡ್ಯಾಂಡಿಲಯನ್ ಎಲೆ, ಅಪರೂಪಕ್ಕೆ ಸ್ಟ್ರಾಬೆರಿ. ಕಿತ್ತಳೆ ಬಣ್ಣದ ತರಕಾರಿ ಕೊಡುವುದಕ್ಕೆ ಕಾರಣವಿದೆ. ಎ ಜೀವಸತ್ವ ಕಡಿಮೆಯಾದರೆ ಇವಕ್ಕೆ ಕಣ್ಣು ಊದುತ್ತದೆ, ಕಿವಿಯ ಜಾಗದಲ್ಲಿ ಕೀವು ಕಟ್ಟುತ್ತದೆ. ಸಾಕಿದ ಪೆಟ್ಟಿಗೆ ಆಮೆಗಳಲ್ಲಿ ಹೆಚ್ಚಾಗಿ ಕಾಣುವ ಕಾಯಿಲೆ ಅದು. ಮೂಗಿನಲ್ಲಿ ಗುಳ್ಳೆ ಬಂದರೆ, ಬಾಯಿ ತೆರೆದು ಉಸಿರಾಡಿದರೆ ಮಾತ್ರ ಒಂದು ದಿನವೂ ತಡಮಾಡದೆ ಸರೀಸೃಪ ಬಲ್ಲ ಪಶುವೈದ್ಯರ ಹತ್ತಿರ ಓಡಬೇಕು.

ವಾರಕ್ಕೆರಡು ಸಲ ಸ್ನಾನ. ಅಗಲ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು, ಅವನ ಗದ್ದದವರೆಗೆ ಮಾತ್ರ. ಮೂಗು ಮುಳುಗಿಸಿ ಕುಡಿಯುವಾಗ ಗಂಟಲಿನ ಚರ್ಮ ಸಣ್ಣಗೆ ಮಿಡಿಯುತ್ತದೆ. ಒದ್ದೆ ಚಿಪ್ಪಿನ ಮೇಲೆ ಆ ಅರಿಸಿನ ಗೆರೆಗಳು ಆಗತಾನೇ ಬಳಿದ ಬಣ್ಣದಂತೆ ಹೊಳೆಯುತ್ತವೆ. ಚಿಪ್ಪು ಅವನು ತೊಟ್ಟ ಅಂಗಿಯಲ್ಲ, ಬೆನ್ನುಮೂಳೆಯೂ ಪಕ್ಕೆಲುಬುಗಳೂ ಸೇರಿ ಆದ ಜೀವಂತ ಮೂಳೆ. ಹತ್ತಿಯಿಂದ ಸವರಿದರೂ ಅವನಿಗೆ ಗೊತ್ತಾಗುತ್ತದೆ. ಬಣ್ಣ ಬಳಿಯುವುದು, ತೂತು ಕೊರೆಯುವುದು ಕ್ರೌರ್ಯ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದನ್ನು ಮಗಳಿಗೆ ರೂಢಿ ಮಾಡಿಸಿದ್ದೇನೆ, ಆಮೆಗಳಿಂದ ಸಾಲ್ಮೊನೆಲ್ಲಾ ಎಂಬ ರೋಗಾಣು ಹರಡುತ್ತದೆ.

ಇವು ಐವತ್ತು ವರ್ಷ ಬಾಳುವುದು ಸಾಮಾನ್ಯ, ನೂರು ದಾಟಿದವೂ ಉಂಟು. ಮೇರಿಲ್ಯಾಂಡಿನ ಪಟಕ್ಸೆಂಟ್ ಕಾಡಿನಲ್ಲಿ ವಿಜ್ಞಾನಿ ಲೂಸಿಲ್ ಸ್ಟಿಕೆಲ್ 1940ರ ದಶಕದಲ್ಲಿ ಇವುಗಳ ಚಿಪ್ಪಿನಂಚಿಗೆ ಗುರುತು ಮಾಡಿ ಹಿಂಬಾಲಿಸಿದರು. ಸುಮಾರು ನೂರು ಮೀಟರ್ ಅಗಲದ ಜಾಗದಲ್ಲೇ ಅವು ವರ್ಷಗಟ್ಟಲೆ ಸುತ್ತುತ್ತಿದ್ದವು. ಅದೇ ಹಳ್ಳ, ಅದೇ ಬಿದ್ದ ಮರ, ಅದೇ ಅಣಬೆಯ ತಾಣ. ಅಲ್ಲಿಂದ ಎತ್ತಿ ಬೇರೆಡೆ ಬಿಟ್ಟರೆ ಹಲವು ಆಮೆಗಳು ಆ ಜಾಗ ಹುಡುಕುತ್ತಲೇ ಅಲೆಯುತ್ತವೆ. ಕೆಂಚನಿಗೂ ಅಂಥದ್ದೊಂದು ನೂರು ಮೀಟರ್ ಎಲ್ಲೋ ಇತ್ತು. ಬಿಸಿಲು ಕಾಯಿಸಿಕೊಳ್ಳುತ್ತ ಕತ್ತು ಚಾಚಿ ಒಂದೇ ಕಡೆ ಅವನು ನೋಡುವಾಗ ನನಗೆ ಅದು ನೆನಪಾಗುತ್ತದೆ.

ಅದಕ್ಕೇ ಕೇಳಿಕೊಳ್ಳುತ್ತೇನೆ. ಅಮೆರಿಕದಲ್ಲಿರುವವರಿಗೆ ಪೆಟ್ಟಿಗೆ ಆಮೆ ಸಾಕುವ ಆಸೆಯಿದ್ದರೆ ಕಾಡಿನಿಂದ ಎತ್ತಬೇಡಿ. ನಿಮ್ಮ ರಾಜ್ಯದ ಕಾನೂನು ನೋಡಿಕೊಂಡು, ನೆಲೆಯಿಲ್ಲದೆ ಉಳಿದಿರುವ ಒಂದನ್ನು ದತ್ತು ತನ್ನಿ. ಊರಿನಲ್ಲಿರುವವರು ನಕ್ಷತ್ರ ಆಮೆಯನ್ನು ಮನೆಗೆ ತರಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಮೇ ತಿಂಗಳ ಮಳೆಯ ನಂತರ ಇಲ್ಲಿನ ರಸ್ತೆಯಲ್ಲಿ ಪೆಟ್ಟಿಗೆ ಆಮೆ ಕಂಡರೆ, ಹಿಂದೆ ಮುಂದೆ ನೋಡಿಕೊಂಡು ಕಾರು ನಿಲ್ಲಿಸಿ. ಎರಡೂ ಕೈಯಲ್ಲಿ ಎತ್ತಿ, ಅದು ಯಾವ ಕಡೆ ಮುಖ ಮಾಡಿತ್ತೋ ಆ ಕಡೆಯ ಹುಲ್ಲಿನಲ್ಲೇ ಇಳಿಸಿ.