ಅಂಗೈ ಏಟಿಗೆ ಇರುವ ಬೆಲೆ

ಬ್ರೆಜಿಲಿಯನ್ ಜಿಯು-ಜಿತ್ಸು ಪಂದ್ಯಗಳಲ್ಲಿ ಈಗ ಮತ್ತೆ ಮತ್ತೆ ಕಾಣುವ ನೋಟ ಒಂದಿದೆ. ಪಂದ್ಯ ಶುರುವಾದ ಕೂಡಲೇ ಒಬ್ಬ ಪಟು ತಾನಾಗಿಯೇ ಕುಳಿತು, ಬೆನ್ನ ಮೇಲೆ ಒರಗಿ, ಎದುರಾಳಿಯನ್ನು ಕಾಲುಗಳಲ್ಲಿ ಸಿಕ್ಕಿಸಿಕೊಳ್ಳುತ್ತಾನೆ. ಗಾರ್ಡ್ ಎನ್ನುವ ಈ ವರಸೆಯಲ್ಲಿ ಅಪಾರ ಕಲೆ ಇದೆ. ಆದರೆ ಕೆಳಗಿನವನ ಮುಖ ಮೇಲಿನವನ ಕೈಗೆ ಎಟುಕುವಂತೆ ತೆರೆದೇ ಇರುತ್ತದೆ. ಹೊಡೆಯುವಂತಿಲ್ಲವಾದ್ದರಿಂದ ಇಬ್ಬರಿಗೂ ಅದರ ಗೊಡವೆಯಿಲ್ಲ.

ಈ ನಿಶ್ಚಿಂತೆಯನ್ನು ಕದಡಲು ಜಿಯು-ಜಿತ್ಸು ಗುರು ಎಡ್ಡಿ ಬ್ರಾವೊ 2017ರಲ್ಲಿ ಕಾಂಬ್ಯಾಟ್ ಜಿಯು-ಜಿತ್ಸು ತಂದರು. ಇಬ್ಬರಲ್ಲಿ ಒಬ್ಬನಾದರೂ ನೆಲ ಹಿಡಿದ ಮೇಲೆ ಅಂಗೈಯಿಂದ ಹೊಡೆಯಬಹುದು, ಮುಷ್ಟಿ ಬಿಗಿಯುವಂತಿಲ್ಲ. ಇಷ್ಟರಿಂದಲೇ ನೆಲದ ಮೇಲಿನ ಆಟ ಬದಲಾಗುತ್ತದೆ. ಕೆಳಗಿನವನು ಎದುರಾಳಿಯ ತಲೆಯನ್ನು ಎದೆಗೆ ಒತ್ತಿ ಹಿಡಿಯಬೇಕು, ಇಲ್ಲವೇ ಕಾಲಿನಿಂದ ದೂರ ತಳ್ಳಬೇಕು. ನಡುವಿನ ಅಂತರದಲ್ಲಿ ನಿಧಾನವಾಗಿ ಪಟ್ಟು ಹುಡುಕುತ್ತ ಕೂತರೆ ಏಟು ಖಚಿತ. 2003ರ ಎಡಿಸಿಸಿ ಕುಸ್ತಿ ಪಂದ್ಯಾವಳಿಯಲ್ಲಿ ರಾಯ್ಲರ್ ಗ್ರೇಸಿಯನ್ನು ತ್ರಿಕೋನ ಪಟ್ಟಿನಿಂದ ಸೋಲಿಸಿ ಹೆಸರಾದ ಬ್ರಾವೊ ಅವರ ‘ರಬ್ಬರ್ ಗಾರ್ಡ್’ ಕೂಡ ಮೇಲಿನವನು ನೆಟ್ಟಗಾಗಿ ಕೈ ಬೀಸದಂತೆ ತಡೆಯುವ ವರಸೆಯೇ. ಈ ನಿಯಮದ ಹಿಂದೆ ಅವರ ಬಹುಕಾಲದ ಚಿಂತನೆಯಿದೆ.

ಅಂಗೈ ಏಟನ್ನು ಬರೀ ಕೆನ್ನೆಗೆ ಬಾರಿಸುವ ಆಟವೆಂದು ತಳ್ಳಿಹಾಕುವವರನ್ನು ನಾನು ಒಪ್ಪಲಾರೆ. 1993ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದಲ್ಲಿ ಯುಎಫ್‌ಸಿ ಹುಟ್ಟುವ ಮೊದಲೇ, ಜಪಾನಿನಲ್ಲಿ ಮಸಕಾತ್ಸು ಫುನಾಕಿ ಮತ್ತು ಮಿನೋರು ಸುಜುಕಿ ಕಟ್ಟಿದ ಪ್ಯಾಂಕ್ರೇಸ್ ಎಂಬ ಹೋರಾಟ ಸಂಸ್ಥೆ ತನ್ನ ಮೊದಲ ಪಂದ್ಯಾವಳಿ ನಡೆಸಿತು. ಅಲ್ಲಿ ತಲೆಗೆ ಮುಷ್ಟಿ ನಿಷಿದ್ಧ, ಅಂಗೈಗೆ ಅವಕಾಶ. ಆ ದಿನ ಡಚ್ ಕಿಕ್‌ಬಾಕ್ಸರ್ ಬಾಸ್ ರುಟೆನ್ ತನ್ನ ಎದುರಾಳಿಯನ್ನು ಒಂದು ನಿಮಿಷದೊಳಗೆ ಅಂಗೈ ಏಟಿನಿಂದ ಉರುಳಿಸಿದ. ಬರಿಮುಷ್ಟಿ ತಲೆಬುರುಡೆಗೆ ಬಡಿದರೆ ಹೊಡೆದವನ ಕೈಮೂಳೆಯೇ ಮುರಿಯಬಹುದು. ಅಂಗೈಯ ಬುಡಕ್ಕೆ ಆ ಭಯ ಕಡಿಮೆ. ಕೈಗವಸು ತೊಟ್ಟು ಮನಬಂದಂತೆ ಗುದ್ದುವ ಆಟಕ್ಕಿಂತ ಇದು ಈ ಒಂದು ವಿಷಯದಲ್ಲಾದರೂ ಬೀದಿಯ ಜಗಳಕ್ಕೆ ಹತ್ತಿರ.

ಕಾಂಬ್ಯಾಟ್ ಜಿಯು-ಜಿತ್ಸು ಸೋಲುವುದು ನಿಂತಾಗ. ನಿಂತಿರುವಾಗ ಏಟಿಲ್ಲ. ಹಾಗಾಗಿ ತಲೆ ಮುಂದೆ ಚಾಚಿ ಕಾಲಿಗೆ ನುಗ್ಗುವವನು ಯಾವ ಬೆಲೆಯನ್ನೂ ತೆರುವುದಿಲ್ಲ. ಅದಕ್ಕಿಂತ ನೋವಿನ ಸಂಗತಿ, ನಿಗದಿತ ಹೊತ್ತಿನಲ್ಲಿ ಯಾರೂ ಯಾರನ್ನೂ ಕೆಡವದಿದ್ದರೆ ನಾಣ್ಯ ಚಿಮ್ಮಿ ಮೇಲೆ ಯಾರು, ಕೆಳಗೆ ಯಾರು ಎಂದು ತೀರ್ಮಾನಿಸುವುದು. ಎದುರಾಳಿಯನ್ನು ನೆಲಕ್ಕೆ ತರುವುದು ಕುಸ್ತಿಯ ಅತಿ ಕಷ್ಟದ ಕೆಲಸ. ಅದನ್ನು ಪುಕ್ಕಟೆಯಾಗಿ ಕೊಟ್ಟ ಮೇಲೆ ಏಟಿನಿಂದ ಗಳಿಸಿದ ನೈಜತೆಯ ಅರ್ಧ ಭಾಗ ಸೋರಿಹೋಗುತ್ತದೆ.

ಪ್ಯಾಂಕ್ರೇಸ್‌ನಲ್ಲೂ ಇಂಥ ಬಿರುಕು ಇತ್ತು: ಪಟ್ಟಿಗೆ ಸಿಕ್ಕವನು ರಿಂಗಿನ ಹಗ್ಗ ಹಿಡಿದರೆ ಅಂಕ ಕಳೆದುಕೊಂಡು ಬಿಡಿಸಿಕೊಳ್ಳಬಹುದಿತ್ತು. ಆದರೂ ನಿಂತಲ್ಲೂ ನೆಲದಲ್ಲೂ ಏಟಿಗೆ ಅವಕಾಶವಿದ್ದುದರಿಂದ ಅದು ಆಟಗಾರರನ್ನು ಎರಡು ಕಡೆಯೂ ಬೆಳೆಸಿತು. 1995ರಲ್ಲಿ ಅಲ್ಲೇ ಕೆನ್ ಶ್ಯಾಮ್ರಾಕ್‌ನ ಮಂಡಿ ಪಟ್ಟಿಗೆ ಸೋತ ರುಟೆನ್ ನೆಲದ ಕುಸ್ತಿಯನ್ನು ಹಟ ಹಿಡಿದು ಕಲಿತ. ಆ ಸೋಲೇ ಅವನ ಕೊನೆಯ ಸೋಲು.

ಬ್ರಾವೊ ನಾಣ್ಯವನ್ನು ಕೈಬಿಟ್ಟು, ನಿಂತಾಗಲೂ ಅಂಗೈ ಬೀಸಲು ಅವಕಾಶ ಕೊಡಲಿ. ಕೆಲವು ಪಂದ್ಯಗಳು ಕೊನೆಯವರೆಗೂ ನಿಂತಲ್ಲೇ ಎಳೆದಾಡಿದರೂ ಪರವಾಗಿಲ್ಲ. ಆಗ ನೆಲಕ್ಕೆ ತಲುಪಿದವನು ಆ ಜಾಗವನ್ನು ಸಂಪಾದಿಸಿಯೇ ತಲುಪಿರುತ್ತಾನೆ.