ಶ್ರೀ ವಿಶ್ವೇಶ್ವರಯ್ಯನವರ ಕಾರ್ಯಜೀವನದ ಸ್ಮೃತಿಗಳು

ತೊಂಬತ್ತು ವರುಷದ ಹಿರಿಯರೊಬ್ಬರು ತಮ್ಮ ವೃತ್ತಾಂತವನ್ನು ಬರೆಯಲು ಕುಳಿತರೆಂದರೆ, ಬಾಲ್ಯದ ಊರು, ತಾಯಿಯ ವಾತ್ಸಲ್ಯ, ಮದುವೆಮುಂಜಿಗಳು, ಅಗಲಿದ ಬಂಧುಗಳು, ಕಡೆಗೆ ಒಂದಿಷ್ಟು ವೈರಾಗ್ಯ, ಇವುಗಳನ್ನು ವಾಚಕರು ನಿರೀಕ್ಷಿಸುವುದು ಸಹಜವೇ ಆಗಿದೆ. ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1951ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ಮೆಮ್ವಾರ್ಸ್ ಆಫ್ ಮೈ ವರ್ಕಿಂಗ್ ಲೈಫ್’ ಎಂಬ ಗ್ರಂಥದಲ್ಲಿ ಇವುಗಳನ್ನು ಹುಡುಕಹೊರಟವರಿಗೆ ನಿರಾಶೆಯೇ ಗತಿ. ಗ್ರಂಥಕರ್ತರು ಹೆಸರಿನಲ್ಲಿಯೇ ಎಲ್ಲೆಯನ್ನು ಹಾಕಿಕೊಂಡಿದ್ದಾರೆ. ಇದು ದುಡಿದ ಜೀವನದ ಕಥೆ, ಬದುಕಿದ ಜೀವನದ್ದಲ್ಲ. ಇವೆರಡೂ ಬೇರೆಬೇರೆಯೆಂದು ಅವರು ಭಾವಿಸಿದ್ದರೋ ಇಲ್ಲವೋ ಎಂಬ ಪ್ರಶ್ನೆಯು ಮಾತ್ರ ಗ್ರಂಥವನ್ನು ಮುಚ್ಚಿದ ಮೇಲೂ ಉಳಿದುಬಿಡುತ್ತದೆ.

ಈ ಗ್ರಂಥವನ್ನು ಬೆಂಗಳೂರಿನ ವಾಚಕರು ಓದುವ ಬಗೆ ಬೇರೆ, ಗೋಕಾವಿ ಸೀಮೆಯ ವಾಚಕರು ಓದುವ ಬಗೆ ಬೇರೆ. ಮೈಸೂರಿನವರಿಗೆ ವಿಶ್ವೇಶ್ವರಯ್ಯನವರೆಂದರೆ ದಿವಾನರು. ಕನ್ನಂಬಾಡಿಯ ಕಟ್ಟೆ, ವಿಶ್ವವಿದ್ಯಾನಿಲಯ, ಬ್ಯಾಂಕು. ಆದರೆ 1884ರಿಂದ ಸುಮಾರು ಕಾಲು ಶತಮಾನದವರೆಗೆ ಅವರು ಸೇವೆ ಸಲ್ಲಿಸಿದ್ದು ಮುಂಬಯಿ ಇಲಾಖೆಯಲ್ಲಿ, ಎಂದರೆ ಬೆಳಗಾವಿ ಜಿಲ್ಲೆಯೂ ಸೇರಿದ್ದ ಆಡಳಿತದಲ್ಲಿ. ಅವರು ನಾಸಿಕ, ಖಾನದೇಶಗಳಲ್ಲಿ ಕಿರಿಯ ಇಂಜಿನಿಯರರಾಗಿ ತಿರುಗುತ್ತಿದ್ದ ದಿನಗಳಲ್ಲಿಯೇ ಗೋಕಾವಿಯ ಜಲಪಾತದ ಬಳಿಯಲ್ಲಿ, 1887ರಲ್ಲಿ, ಘಟಪ್ರಭೆಯ ನೀರಿನ ಬಲದಿಂದ ನೂಲಿನ ಗಿರಣಿಯು ತಿರುಗತೊಡಗಿತ್ತು. ಶಿವನಸಮುದ್ರದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ್ದು 1902ರಲ್ಲಿ. ಬೀಳುವ ನೀರು ಹಣವಾಗಬಲ್ಲದೆಂಬ ಮಾತನ್ನು ಕನ್ನಡನಾಡಿನಲ್ಲಿ ಮೊದಲು ಕಣ್ಣಾರೆ ಕಂಡವರು ಗೋಕಾವಿಯ ಜನರೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು. ಆದುದರಿಂದ ಶಕ್ತಿ, ದುಡಿಮೆ, ಸಮಾಜ ಇವುಗಳ ವಿಷಯವಾಗಿ ಈ ಹಿರಿಯರು ನಿರ್ದಾಕ್ಷಿಣ್ಯವಾಗಿ ಹೇಳಿದ ಮಾತುಗಳನ್ನು ಒರೆಗೆ ಹಚ್ಚಿ ನೋಡುವ ಹಕ್ಕು ಈ ನೆಲಕ್ಕೆ ವಿಶೇಷವಾಗಿ ಉಂಟು.

ಗ್ರಂಥದ ಅತ್ಯುತ್ತಮ ಭಾಗವು ಮುಂಬಯಿ ಇಲಾಖೆಯ ಪ್ರಕರಣಗಳೆಂಬುದರಲ್ಲಿ ಸಂದೇಹವಿಲ್ಲ. ಅಲ್ಲಿ ಲೇಖಕರು ಉಪದೇಶಕರಾಗಿಲ್ಲ, ಕೆಲಸಗಾರರಾಗಿದ್ದಾರೆ. ಪುಣೆಯ ಹತ್ತಿರ ಖಡಕವಾಸಲೆಯ ಕೆರೆಯ ಕೋಡಿಯ ಮೇಲೆ ಅವರು 1903ರಲ್ಲಿ ಕೂಡಿಸಿದ ಸ್ವಯಂಚಾಲಿತ ಬಾಗಿಲುಗಳ ಸಂಗತಿಯನ್ನು ಓದಿರಿ. ಪ್ರವಾಹದ ನೀರು ಒಂದು ಮಟ್ಟವನ್ನು ಮೀರಿದೊಡನೆ ನೀರಿನ ಬಲದಿಂದಲೇ ಬಾಗಿಲುಗಳು ತೆರೆದುಕೊಳ್ಳುವುವು. ನೀರಿಳಿದೊಡನೆ ತಾವೇ ಮುಚ್ಚಿಕೊಳ್ಳುವುವು. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲುವುದು. ಇದನ್ನು ವಿವರಿಸುವಾಗ ಲೇಖಕರ ವಾಕ್ಯಗಳಲ್ಲಿಯೂ ಒಂದು ಬಿಗಿ, ಒಂದು ಹಿತವಾದ ಹೆಮ್ಮೆ ಕಾಣಬರುತ್ತವೆ.

ಇದಕ್ಕೂ ಮಿಗಿಲಾದುದು 1899ರ ಸುಮಾರಿಗೆ ನೀರಾ ಕಾಲುವೆಗಾಗಿ ಅವರು ಯೋಜಿಸಿದ ಬ್ಲಾಕು ಪದ್ಧತಿಯ ಕಥೆ. ಕಾಲುವೆಯ ತಲೆಯ ಕಡೆಗಿನ ಊರುಗಳವರು ಕಬ್ಬಿಗೆ ಬೇಕಾದಷ್ಟು ನೀರು ಹಾಯಿಸಿಕೊಂಡು ನೆಲವನ್ನು ಜೌಗು ಮಾಡಿಕೊಳ್ಳುತ್ತಿದ್ದರು. ತುದಿಯ ಕಡೆಯವರಿಗೆ ನೀರಿಲ್ಲ. ವಿಶ್ವೇಶ್ವರಯ್ಯನವರು ಪ್ರತಿಯೊಂದು ಊರಿಗೂ ಇಂತಿಷ್ಟು ನೆಲವೆಂದು ಗೊತ್ತುಮಾಡಿ, ಅದರಲ್ಲಿ ಒಂದು ಭಾಗ ಕಬ್ಬು, ಉಳಿದುದು ಕಡಿಮೆ ನೀರಿನ ಪೈರು, ವರುಷದಿಂದ ವರುಷಕ್ಕೆ ಪಾಳಿಯು ಬದಲಾಗತಕ್ಕದ್ದು ಎಂದು ಕಟ್ಟುಮಾಡಿದರು. ಭಾರತದ ನೀರಾವರಿ ಆಯೋಗವು ಇದನ್ನು ಮೆಚ್ಚಿತು. ಮೇಲುನೋಟಕ್ಕೆ ಇದು ಇಂಜಿನಿಯರರ ಲೆಕ್ಕಾಚಾರ. ಒಳಹೊಕ್ಕು ನೋಡಿದರೆ ಅದು ನ್ಯಾಯದ ಮಾತು. ಇಂದು ಘಟಪ್ರಭೆಯ ಸೀಮೆಯಲ್ಲಿ, ಮೂಡಲಗಿ, ಗೋಕಾಕ ತಾಲೂಕುಗಳ ಎರೆಯ ಹೊಲಗಳಲ್ಲಿ, ಕಣ್ಣು ಹಾಯುವವರೆಗೆ ಕಬ್ಬೇ ನಿಂತಿರುವುದನ್ನು ನೋಡಿದವರು ಈ ಪ್ರಕರಣವನ್ನು ಹಳೆಯ ಸುದ್ದಿಯೆಂದು ತಿರುವಿಹಾಕಲಾರರು. ನೀರು ಯಾರದು, ಎಷ್ಟು, ಯಾವ ಸರತಿಯಲ್ಲಿ ಎಂಬ ಪ್ರಶ್ನೆಯು ನೂರಿಪ್ಪತ್ತೈದು ವರುಷಗಳಾದರೂ ಮುಗಿದಿಲ್ಲ.

ಮೈಸೂರಿನ ಪ್ರಕರಣಗಳು ಹೆಚ್ಚು ಪ್ರಸಿದ್ಧವಾಗಿರುವುದರಿಂದ ಅವುಗಳ ವಿಷಯವಾಗಿ ಬಹಳ ಹೇಳಬೇಕಾದುದಿಲ್ಲ. 1909ರಲ್ಲಿ ಅವರು ಮೈಸೂರಿನ ಮುಖ್ಯ ಇಂಜಿನಿಯರರಾದರು; 1911ರಲ್ಲಿ ಕಾವೇರಿಯ ಕಟ್ಟೆಯ ಕೆಲಸ ಮೊದಲಾಯಿತು; 1912ರಲ್ಲಿ ದಿವಾನಗಿರಿ. ಈ ಕಟ್ಟೆಯನ್ನು ಬರಿಯ ನೀರಾವರಿಗಾಗಿ ಕಟ್ಟಿದುದೆಂದು ತಿಳಿದವರು ಬಹುಮಂದಿ. ವಾಸ್ತವದಲ್ಲಿ ಬೇಸಗೆಯಲ್ಲಿ ಹೊಳೆ ಬತ್ತಿದಾಗಲೂ ಶಿವನಸಮುದ್ರದ ಯಂತ್ರಗಳು ನಿಲ್ಲದೆ ತಿರುಗಿ, ಗಣಿಗಳಿಗೆ ಒಪ್ಪಿಕೊಂಡಷ್ಟು ಶಕ್ತಿಯನ್ನು ಕೊಡಬೇಕೆಂಬುದು ಅದರ ಹಿಂದಿನ ಬಲವಾದ ಪ್ರೇರಣೆಯಾಗಿದ್ದಿತು. ಮಳೆಗಾಲದ ಪ್ರವಾಹವು ಸಮುದ್ರದ ಪಾಲಾಗುವುದನ್ನು ತಡೆದು, ವರುಷವಿಡೀ ಹದವಾಗಿ ಹರಿಯಿಸುವುದು: ಇದು ಈ ಮಹನೀಯರ ಬುದ್ಧಿಯ ಮೂಲ ಚಿತ್ರವೆನ್ನಬಹುದು. ನೀರಿನ ವಿಷಯದಲ್ಲಿ ಮಾತ್ರವಲ್ಲ, ಮನುಷ್ಯರ ವಿಷಯದಲ್ಲಿಯೂ ಅವರು ಹೀಗೆಯೇ ಯೋಚಿಸುತ್ತಿದ್ದರು. ದೇಶದ ಜನರ ಚೈತನ್ಯವು ಕಟ್ಟೆಯಿಲ್ಲದ ಹೊಳೆಯಂತೆ ವ್ಯರ್ಥವಾಗುತ್ತಿದೆ. ಶಿಸ್ತು, ಯೋಜನೆ, ವೇಳೆಯ ಲಕ್ಷ್ಯ ಇವೇ ಅದಕ್ಕೆ ಕಟ್ಟೆ. ತುಕ್ಕು ಹಿಡಿಯುವುದಕ್ಕಿಂತ ಸವೆಯುವುದು ಲೇಸೆಂಬುದು ಅವರ ಅಭಿಪ್ರಾಯವೆಂದು ಲೋಕಪ್ರಸಿದ್ಧವಾಗಿದೆ. ತೊಂಬತ್ತು ದಾಟಿದ ಮೇಲೆಯೂ ಗಂಗಾನದಿಗೆ ಸೇತುವೆ ಕಟ್ಟುವ ಸ್ಥಳವನ್ನು ಕುರಿತು ಸಲಹೆ ಕೊಡಲು ಬಿಹಾರಕ್ಕೆ ಹೋಗಿಬಂದವರಿಗೆ ಈ ಮಾತನ್ನಾಡುವ ಅಧಿಕಾರವಿದ್ದಿತು.

ಆದರೆ ಅಧಿಕಾರವಿದ್ದ ಮಾತ್ರಕ್ಕೆ ಅಭಿಪ್ರಾಯವು ಸರಿಯಾಗಬೇಕೆಂದಿಲ್ಲ. ಜನರು ಆಲಸಿಗಳು, ದೈವವನ್ನು ನಂಬಿ ಕೈಕಟ್ಟಿ ಕೂಡುವವರು, ಕೆಲಸದಲ್ಲಿ ಕ್ರಮವರಿಯದವರು ಎಂಬ ಆಕ್ಷೇಪಣೆಯು ಅವರ ಬರೆಹಗಳಲ್ಲಿ ಪದೇಪದೇ ಬರುತ್ತದೆ. ಜಪಾನ, ಅಮೇರಿಕೆಗಳನ್ನು ಕಣ್ಣಾರೆ ಕಂಡುಬಂದವರ ಕಳಕಳಿ ಇದು, ದ್ವೇಷವಲ್ಲ. ಆದರೂ ಇಲ್ಲಿ ಒಂದು ತಪ್ಪು ನುಸುಳಿದೆ. ಒಕ್ಕಲಿಗನ ಬಿಡುವು ಆಲಸ್ಯವಲ್ಲ. ಮಳೆಯನ್ನೇ ನೆಚ್ಚಿದ ಹೊಲದವನಿಗೆ ಸುಗ್ಗಿ ಮುಗಿದ ಮೇಲೆ ಮಾಡಲು ಕೆಲಸವೆಲ್ಲಿ? ಮಸಗುಪ್ಪಿಯಂಥ ಊರಿನ ಒಕ್ಕಲಿಗನು ಇಂದು ಪಂಪಿನ ಕರೆಂಟು ರಾತ್ರಿಯ ಪಾಳಿಯಲ್ಲಿ ಬರುವುದೆಂದು ಕಂದೀಲನ್ನೋ ಬ್ಯಾಟರಿಯನ್ನೋ ಹಿಡಿದು, ಹಾವುಹುಳುವಿನ ಭಯದಲ್ಲಿ, ನಟ್ಟಿರುಳಿನಲ್ಲಿ ಕಬ್ಬಿಗೆ ನೀರು ಹಾಯಿಸಲು ಹೋಗುತ್ತಾನೆ. ಮರುದಿನ ಮಧ್ಯಾಹ್ನ ಕಟ್ಟೆಯ ಮೇಲೆ ಅಡ್ಡಾದವನನ್ನು ಕಂಡು ಪೇಟೆಯವರು ಸೋಮಾರಿಯೆನ್ನುವರು! ಅವನ ಗಡಿಯಾರವನ್ನು ತಿರುಗಿಸುವವನು ಅವನಲ್ಲ. ಗಿರಣಿಯ ಭೋಂಗಾಕ್ಕೆ ಎದ್ದು, ಭೋಂಗಾಕ್ಕೆ ಮಲಗಿದ ಮೂರು ತಲೆಮಾರಿನ ಗೋಕಾವಿಯ ಕಾರ್ಮಿಕರಿಗೆ ವೇಳೆಯ ಶಿಸ್ತನ್ನು ಯಾರೂ ಗ್ರಂಥದಿಂದ ಕಲಿಸಬೇಕಾಗಿರಲಿಲ್ಲ. ಆ ಶಿಸ್ತಿನ ಫಲದಲ್ಲಿ ಅವರ ಪಾಲೆಷ್ಟು ಎಂಬುದೇ ಅಲ್ಲಿ ಕೇಳಬೇಕಾದ ಪ್ರಶ್ನೆ. ಈ ಪ್ರಶ್ನೆಗೆ ಗ್ರಂಥದಲ್ಲಿ ತಕ್ಕಷ್ಟು ಎಡೆ ದೊರೆತಿಲ್ಲ. ವಿಚಿತ್ರವೆಂದರೆ ಬಿಡುವಿನ ಮರ್ಮವು ವಿಶ್ವೇಶ್ವರಯ್ಯನವರಿಗೆ ತಿಳಿಯದ್ದೇನಲ್ಲ. ಹಳ್ಳಿಗಳಲ್ಲಿ ಚಿಕ್ಕ ಕೈಗಾರಿಕೆಗಳು ಹಬ್ಬಬೇಕೆಂದು ಅವರು 1949ರಲ್ಲಿಯೂ ಯೋಜನೆ ಹಾಕುತ್ತಿದ್ದರು. ಕೆಲಸ ದೊರೆತರೆ ಜನ ದುಡಿದಾರೆಂಬ ನಂಬಿಗೆಯಿಲ್ಲದವನು ಇಂಥ ಯೋಜನೆಯನ್ನು ಹಾಕುವನೇ? ಅವರ ಯೋಜನೆಗಳು ಅವರ ಆಕ್ಷೇಪಣೆಗಳಿಗಿಂತ ಉದಾರವಾಗಿವೆ.

ಗ್ರಂಥದಲ್ಲಿ ಎಲ್ಲಕ್ಕಿಂತ ನೇರವಾದ, ಅಷ್ಟೇ ವಿವಾದಾಸ್ಪದವಾದ ಅಭಿಪ್ರಾಯವು ದಿವಾನಗಿರಿಯನ್ನು ಬಿಟ್ಟ ಸಂದರ್ಭದ್ದು. ಹಿಂದುಳಿದ ಸಮಾಜಗಳಿಗೆ ಸರಕಾರೀ ಹುದ್ದೆಗಳಲ್ಲಿ ವಿಶೇಷ ಪ್ರೋತ್ಸಾಹ ದೊರೆಯಬೇಕೆಂದು ಮಹಾರಾಜರ ಇಚ್ಛೆ; ಯೋಗ್ಯತೆಯನ್ನು ಕಡೆಗಣಿಸಿದರೆ ಆಡಳಿತದ ದಕ್ಷತೆಯೂ ದೇಶದ ಉತ್ಪಾದನೆಯೂ ಕುಗ್ಗುವುವೆಂದು ದಿವಾನರ ಅಂಜಿಕೆ. 1918ರಲ್ಲಿ ಮಿಲ್ಲರರ ಸಮಿತಿ ನೇಮಕವಾಯಿತು. ದಿವಾನರು ಅಧಿಕಾರವನ್ನು ಬಿಟ್ಟರು. ಈ ಭೇದವನ್ನು ಮುಚ್ಚಿಡದೆ ಬರೆದುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಬೇರೊಬ್ಬರಾಗಿದ್ದರೆ ಆರೋಗ್ಯದ ನೆಪವನ್ನು ಹೇಳಿ ದಾಟಿಬಿಡುತ್ತಿದ್ದರು.

ಆದರೆ ಅಭಿಪ್ರಾಯವನ್ನು ಅವರದೇ ಅಳತೆಗೋಲಿನಿಂದ ಅಳೆಯುವುದು ನ್ಯಾಯ. ಸಮುದ್ರದ ಪಾಲಾಗುವ ನೀರನ್ನು ಕಂಡು ನೊಂದವರು, ಶಾಲೆಯ ಮೆಟ್ಟಿಲನ್ನೇ ಹತ್ತಗೊಡದ ಸಮಾಜದಲ್ಲಿ ತಲೆಮಾರುಗಳಿಂದ ಹರಿದುಹೋದ ಬುದ್ಧಿಶಕ್ತಿಯನ್ನು ಕಂಡು ಅಷ್ಟೇ ನೋಯಬೇಡವೇ? ಕಟ್ಟೆಗೆ ಹಾಕಿದ ಹಣವು ಮೊದಲ ವರುಷವೇ ಬಡ್ಡಿ ತಾರದೆಂದು ಆಕ್ಷೇಪಿಸಿದವರಿಗೆ ಅವರು ಮುಂದಣ ಐವತ್ತು ವರುಷಗಳನ್ನು ತೋರಿಸಿದರು. ಮನುಷ್ಯರ ವಿಷಯದಲ್ಲಿ ಮಾತ್ರ ಲಾಭವು ಆ ವರುಷವೇ ಕಾಣಬೇಕೆಂದು ಹಟ ಹಿಡಿದರು. ಹದಿನೈದರ ಪ್ರಾಯದಲ್ಲಿ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿ ಕಾಲೇಜಿನ ಖರ್ಚನ್ನು ನಿಭಾಯಿಸಿದ ಬಡ ಹುಡುಗನ ಯೋಗ್ಯತೆ ನಿಸ್ಸಂಶಯವಾಗಿ ದೊಡ್ಡದು. ಆದರೆ ಪಾಠ ಹೇಳಲು ಒಂದು ಮನೆಯ ಬಾಗಿಲು ಅವನಿಗೆ ತೆರೆದಿದ್ದಿತು. ಅದೇ ಪ್ರಾಯದ, ಅಷ್ಟೇ ಬಡತನದ ಹೊಲೆಯರ ಹುಡುಗನಿಗೆ 1880ರಲ್ಲಿ ಆ ಬಾಗಿಲು ತೆರೆಯುತ್ತಿದ್ದಿತೇ? ಮುಂಬಯಿ ಇಲಾಖೆಯಲ್ಲಿ ಭಾರತೀಯನಿಗೆ ತುತ್ತತುದಿಯ ಹುದ್ದೆ ಸಿಕ್ಕುವುದು ದುರ್ಲಭವೆಂದು ಬಲ್ಲವರೇ ಅವರು. ಯೋಗ್ಯತೆಯೊಂದೇ ಸಾಲದೆಂಬುದನ್ನು ತಮ್ಮ ಅನುಭವದಿಂದ ಅರಿತಿದ್ದರು. ಆ ಅನುಭವವು ಅವರನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕಾಗಿತ್ತು; ಒಯ್ಯಲಿಲ್ಲ. 1913ರ ಪ್ರಾಥಮಿಕ ಶಿಕ್ಷಣದ ಶಾಸನವು ಅವರ ಕಾಲದ್ದೇ ಎಂಬುದನ್ನು ಅವರ ಪಕ್ಷದಲ್ಲಿ ನೆನೆಯತಕ್ಕದ್ದು. ಬೀಜವನ್ನು ಬಿತ್ತಿದವರೇ ಪೈರಿಗೆ ಆತುರಪಟ್ಟು ಅಂಜಿದಂತಾಯಿತು.

ಇನ್ನೊಂದು ಮೌನವನ್ನೂ ಹೇಳದೆ ಬಿಡಲಾಗದು. ಕಾವೇರಿಯ ಕಟ್ಟೆಯ ನೀರಿನಲ್ಲಿ ಹಳೆಯ ಕನ್ನಂಬಾಡಿಯೂ ಅದರ ವೇಣುಗೋಪಾಲನ ಗುಡಿಯೂ ಮುಳುಗಿದುವು. 1977ರಲ್ಲಿ ಪೂರ್ತಿಯಾದ ಹಿಡಕಲ್ಲಿನ ಅಣೆಕಟ್ಟಿನಿಂದಾಗಿ ಹುಕ್ಕೇರಿ ತಾಲೂಕಿನ ಊರುಗಳು ಮುಳುಗಿ, ಮನೆಮಾರುಗಳನ್ನು ಬಿಟ್ಟೆದ್ದವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಈ ಸೀಮೆಯಲ್ಲಿದ್ದಾರೆ. ಅವರು ಈ ಗ್ರಂಥವನ್ನು ಓದಿದರೆ ಅಳತೆಗಳನ್ನೂ ಆದಾಯವನ್ನೂ ಕಂಡಾರು. ತಮ್ಮಂಥವರ ಮುಖವನ್ನು ಕಾಣುವುದು ಕಷ್ಟ.

ಶೈಲಿಯನ್ನು ಕುರಿತು ಎರಡು ಮಾತು. ಸರಕಾರೀ ವರದಿಯ ಇಂಗ್ಲಿಷು ಅದು. ಶುಚಿಯಾದದ್ದು, ನೇರವಾದದ್ದು, ಒಣಗಿದ್ದು. ನಗೆಯೆಂಬುದು ಹುಡುಕಿದರೆ ಸಿಕ್ಕೀತು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಸ್ಥಾಪನೆಗೆ ಒತ್ತಾಸೆಯಾಗಿದ್ದ ದಿವಾನರು ತಮ್ಮ ಬಾಳಿನ ಲೆಕ್ಕವನ್ನು ಕನ್ನಡದಲ್ಲಿ ಒಪ್ಪಿಸಿದ್ದರೆ ಆ ವಾಕ್ಯಗಳಿಗೆ ಒಂದಿಷ್ಟಾದರೂ ಪಸೆ ಬರುತ್ತಿತ್ತೇನೋ. ಆ ಕೊರತೆಯನ್ನು ತುಂಬಿಕೊಳ್ಳಬೇಕೆನ್ನುವವರು ಡಿ. ವಿ. ಗುಂಡಪ್ಪನವರ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ಮೈಸೂರಿನ ದಿವಾನರನ್ನು ಕುರಿತ ಸಂಪುಟವನ್ನು ಇದರೊಡನೆ ಓದತಕ್ಕದ್ದು. ಒಂದರಲ್ಲಿ ಕಟ್ಟೆ ಕಾಣುತ್ತದೆ, ಇನ್ನೊಂದರಲ್ಲಿ ಕಟ್ಟಿದವರು ಕಾಣುತ್ತಾರೆ. ಮನೆಯಲ್ಲಿ ಇಂಜಿನಿಯರಿಂಗ್ ಕಲಿಯುವ ಹುಡುಗರಿದ್ದರೆ ಅವರ ಕೈಗೆ ಮೊದಲು ಮುಂಬಯಿ ಇಲಾಖೆಯ ಪ್ರಕರಣಗಳನ್ನೇ ಕೊಡುವುದು ಮೇಲು. ದಿವಾನಗಿರಿಯ ಪ್ರಕರಣಗಳನ್ನು ಮನೆಯ ಹಿರಿಯರು ಅವರ ಜೊತೆಗೆ ಕುಳಿತು, ವಾದಿಸುತ್ತ ಓದಲಿ.